ಉಳಿದ ಸಾರು, ಬಳ್ಳಾರಿಯ ಬಿಸಿಲು

ಬಳ್ಳಾರಿಯಲ್ಲಿರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ಊರಿನವರೇ ನಗೆಯಾಡುವುದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಮದುವೆ, ಬೀಗರ ಊಟಗಳೂ ಇದೇ ಕಾಲಕ್ಕೆ ಬರುತ್ತವೆ. ಕುರಿಯದೋ ಕೋಳಿಯದೋ ಹಂದಿಯದೋ ಸಾರು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತದೆ. ಪಂಕ್ತಿ ಎದ್ದ ಮೇಲೆ ಕಾಲು ಪಾತ್ರೆಯಾದರೂ ಉಳಿಯುತ್ತದೆ. ಅನ್ನ ಚೆಲ್ಲುವುದು ಪಾಪವೆಂದು ತಿಳಿದ ಮನೆಯಲ್ಲಿ ಆಗ ಕೇಳಿಬರುವ ಮಾತು ಇದು: ‘ಅಲ್ಲೇ ಆರಲಿ ಬಿಡು, ರಾತ್ರಿ ಫ್ರಿಜ್ಜಿನಲ್ಲಿಟ್ಟರಾಯಿತು. ನಾಳೆ ಇನ್ನೊಂದು ಕುದಿ ಕುದಿಸಿದರೆ ಎಲ್ಲ ಸರಿ.’

ಈ ಮಾತಿನೊಳಗೆ ಮೂರು ನಂಬಿಕೆಗಳಿವೆ. ಸಾರು ತಾನಾಗಿ ಆರುತ್ತದೆ, ಫ್ರಿಜ್ಜಿನ ತಂಪು ರೋಗಾಣುಗಳನ್ನು ಕೊಲ್ಲುತ್ತದೆ, ಮರುದಿನದ ಕುದಿ ಎಲ್ಲ ದೋಷವನ್ನೂ ಕಳೆಯುತ್ತದೆ. ಈ ಮೂರನ್ನೂ ಒರೆಗೆ ಹಚ್ಚಿ ನೋಡಬೇಕು.

ಮೊದಲನೆಯದು ಆರುವ ವಿಚಾರ. ಬಿಸಿ ವಸ್ತು ತನ್ನ ಸುತ್ತಲಿನ ಉಷ್ಣತೆಯವರೆಗೆ ಮಾತ್ರ ತಣಿಯುತ್ತದೆ. ಅದರ ಹತ್ತಿರ ಬಂದಂತೆಲ್ಲ ತಣಿಯುವ ವೇಗವೂ ಕುಗ್ಗುತ್ತದೆ. ಇದು ನ್ಯೂಟನ್ ತಿಳಿಸಿದ ನಿಯಮ. ಅಡುಗೆಮನೆಯ ಗಾಳಿಯೇ 40 ಡಿಗ್ರಿ ಇದ್ದರೆ, ಕಟ್ಟೆಯ ಮೇಲಿಟ್ಟ ಸಾರು ಎಷ್ಟು ಹೊತ್ತು ಕಳೆದರೂ 40ಕ್ಕಿಂತ ಕೆಳಗಿಳಿಯುವುದಿಲ್ಲ. ಹಂದಿ ಮಾಂಸದ ಸಾರಾದರೆ ಮೇಲೆ ತೇಲುವ ಕೊಬ್ಬಿನ ಪದರ ಆವಿ ಏಳುವುದನ್ನು ತಡೆಯುತ್ತದೆ. ಆವಿಯಾಗಿ ಹೋಗಬೇಕಾದ ಶಾಖ ಒಳಗೇ ಉಳಿದು, ಸಾರು ಇನ್ನೂ ನಿಧಾನವಾಗಿ ತಣಿಯುತ್ತದೆ.

ಇಲ್ಲಿಯೇ ಅಪಾಯ ಕಾದಿರುವುದು. ಮಣ್ಣಿನಲ್ಲಿ, ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯ ಇದೆ. ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಕಷ್ಟಕಾಲ ಬಂದಾಗ ಇದು ಗಟ್ಟಿ ಕವಚದ ಬೀಜಾಣುವಾಗಿ ಮುದುಡಿಕೊಳ್ಳುತ್ತದೆ. ಕುದಿಯುವ ಸಾರಿನಲ್ಲಿಯೂ ಕೆಲವು ಬೀಜಾಣುಗಳು ಸಾಯದೆ ಉಳಿಯಬಲ್ಲವು. ಸಾರು ತಣಿಯುತ್ತ 50 ಡಿಗ್ರಿಯ ಸುತ್ತಮುತ್ತ ಬಂದಾಗ ಅವು ಎಚ್ಚರಗೊಳ್ಳುತ್ತವೆ. ಈ ಜೀವಿಗೆ ಆಮ್ಲಜನಕ ಆಗದು. ಕುದಿಯುವಾಗ ಸಾರಿನೊಳಗಿನ ಗಾಳಿ ಹೊರಟುಹೋಗಿರುವುದರಿಂದ ಮಂದವಾದ ಮಾಂಸದ ಸಾರು ಅದಕ್ಕೆ ಹೇಳಿ ಮಾಡಿಸಿದ ಮನೆ. ಅತ್ಯಂತ ಹಿತವಾದ ಉಷ್ಣತೆ ಯಾವುದು? 43ರಿಂದ 45 ಡಿಗ್ರಿ. ಬಳ್ಳಾರಿಯ ಮೇ ತಿಂಗಳು ಅದಕ್ಕೆ ಅಷ್ಟೇನೂ ದೂರವಿಲ್ಲ.

ಅನುಕೂಲವಿದ್ದಾಗ ಈ ಜೀವಿ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ವಿದ್ಯಾರ್ಥಿಗಳು ಒಂದು ಲೆಕ್ಕ ಹಾಕಿ ನೋಡಬಹುದು. ಒಂದು ಗ್ರಾಂ ಸಾರಿನಲ್ಲಿ 100 ಬ್ಯಾಕ್ಟೀರಿಯಗಳಿವೆ ಎಂದಿಟ್ಟುಕೊಳ್ಳಿ. ಒಂದು ಗಂಟೆಗೆ ಆರು ಸಲ ಇಮ್ಮಡಿಯಾಗಿ 6,400. ಎರಡು ಗಂಟೆಗೆ 4,09,600. ಇನ್ನು 20 ನಿಮಿಷ ಕಳೆದರೆ 16 ಲಕ್ಷ ದಾಟುತ್ತದೆ. ಗ್ರಾಂಗೆ ಹತ್ತು ಲಕ್ಷ ಮೀರಿದರೆ ಉಂಡವರ ಹೊಟ್ಟೆ ಕೆಡುವ ಸಂಭವ ಹೆಚ್ಚು. ಬೀಜಾಣು ಎಚ್ಚರಗೊಳ್ಳಲು ಸ್ವಲ್ಪ ಕಾಲ ಬೇಕಾದ್ದರಿಂದ ನಿಜ ಸಂಗತಿ ಇಷ್ಟು ನೇರವಲ್ಲ. ಆದರೂ ಈ ಲೆಕ್ಕ ತೋರಿಸುವ ದಾರಿ ಸರಿಯಾದದ್ದೇ. ಬೇಯಿಸಿದ ಆಹಾರವನ್ನು ಎರಡು ಗಂಟೆಯೊಳಗೆ, 32 ಡಿಗ್ರಿಗಿಂತ ಹೆಚ್ಚು ಸೆಕೆ ಇದ್ದಲ್ಲಿ ಒಂದೇ ಗಂಟೆಯೊಳಗೆ, ಫ್ರಿಜ್ಜಿಗೆ ಸೇರಿಸಬೇಕೆಂಬ ನಿಯಮ ಹುಟ್ಟಿದ್ದು ಇಂಥ ಕಾರಣಗಳಿಂದಲೇ. ಬಳ್ಳಾರಿಯವರಿಗೆ ಅನ್ವಯಿಸುವುದು ಒಂದು ಗಂಟೆಯ ನಿಯಮ.

ಎರಡನೆಯ ನಂಬಿಕೆ ತಂಪಿನದು. ಫ್ರಿಜ್ಜಿನ 4 ಡಿಗ್ರಿಯಲ್ಲಿ ಹೆಚ್ಚಿನ ರೋಗಾಣುಗಳ ಬೆಳವಣಿಗೆ ತೀರ ನಿಧಾನವಾಗುತ್ತದೆ. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ನಿಂತೇ ಹೋಗುತ್ತದೆ. ನಿಲ್ಲುವುದು ಬೇರೆ, ಸಾಯುವುದು ಬೇರೆ. ಹಿಮಗಟ್ಟಿದ ಸಾರಿನಲ್ಲಿ ಬ್ಯಾಕ್ಟೀರಿಯಗಳು ಕುಂಭಕರ್ಣನಂತೆ ನಿದ್ರಿಸುತ್ತವೆ. ಕರಗಿಸಿದಾಗ ಎದ್ದು ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಸುತ್ತವೆ. ಕಟ್ಟೆಯ ಮೇಲೆ ಆರು ಗಂಟೆ ಕಳೆದ ಸಾರನ್ನು ಫ್ರೀಜರಿಗೆ ಹಾಕಿದರೆ, ಜೋಪಾನವಾಗುವುದು ಆ ಆರು ಗಂಟೆಯ ಹಾವಳಿಯೇ.

ಮೂರನೆಯದು ಮರುಕುದಿ. ಇದರಲ್ಲಿ ಅರ್ಧ ಸತ್ಯವಿದೆ. ಪರ್ಫ್ರಿಂಜೆನ್ಸ್ ತನ್ನ ವಿಷವನ್ನು ಬಹುತೇಕ ನಮ್ಮ ಕರುಳಿನೊಳಗೆ ಹೋದ ಮೇಲೆ ತಯಾರಿಸುತ್ತದೆ. ಆದ್ದರಿಂದ ಚೆನ್ನಾಗಿ ಕುದಿಸಿ ಬೆಳೆದ ಜೀವಿಗಳನ್ನು ಕೊಂದರೆ ಅದರ ಕಾಟ ಬಹಳಷ್ಟು ತಪ್ಪುತ್ತದೆ. ಆದರೆ ಸ್ಟೆಫೈಲೊಕಾಕಸ್ ಎಂಬ ಇನ್ನೊಂದು ಜೀವಿ ಅಡುಗೆಯವರ ಕೈಗಾಯದಿಂದಲೋ ಮೂಗಿನಿಂದಲೋ ಪಾತ್ರೆಗಿಳಿದು, ಸಾರಿನಲ್ಲಿಯೇ ವಿಷ ಬಿಡುತ್ತದೆ. ಆ ವಿಷ ಕುದಿಗೆ ಜಗ್ಗದು. ಜೀವಿ ಸತ್ತರೂ ವಿಷ ಉಳಿಯುತ್ತದೆ. ಪಕ್ಕದಲ್ಲಿಟ್ಟ ಅನ್ನಕ್ಕೂ ಇದೇ ಮಾತು. ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ತಂಗಳನ್ನದಲ್ಲಿ ಬಿಡುವ, ವಾಂತಿ ತರಿಸುವ ವಿಷವೂ ಕಾಯಿಸಿದರೆ ಅಳಿಯುವುದಿಲ್ಲ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ಉಂಡವರಿಗೆ ವಾಂತಿಯಾದಾಗ ಹೊರಬಿದ್ದ ಕಾರಣ, ಬೇಯಿಸಿದ ಅನ್ನವನ್ನು ಬಹಳ ಹೊತ್ತು ಹೊರಗೇ ಇಟ್ಟದ್ದು. ಭತ್ತದ ನಾಡಾದ ಸಿರುಗುಪ್ಪದ ಮನೆಗಳು ಇದನ್ನು ನೆನಪಿಡಬೇಕು.

‘ವಾಸನೆ ನೋಡಿದರೆ ಗೊತ್ತಾಗದೆ?’ ಎಂದು ಕೇಳುವವರಿದ್ದಾರೆ. ಆಹಾರವನ್ನು ಹಳಸುವ ಜೀವಿಗಳು ಬೇರೆ, ರೋಗ ತರುವ ಜೀವಿಗಳು ಬೇರೆ. ಘಮಘಮಿಸುವ ಸಾರೇ ಮಲಗಿಸಬಹುದು. ದೊಡ್ಡವರಿಗೆ ಒಂದು ದಿನದ ಹೊಟ್ಟೆನೋವು, ಭೇದಿಯಲ್ಲಿ ಮುಗಿಯುವುದು ಎಳೆಯ ಮಕ್ಕಳಿಗೂ ವೃದ್ಧರಿಗೂ ಬೇಸಿಗೆಯಲ್ಲಿ ದೇಹದ ನೀರನ್ನೇ ಬತ್ತಿಸಿಬಿಡುತ್ತದೆ. ಪಪುವಾ ನ್ಯೂಗಿನಿಯ ಬೆಟ್ಟಪ್ರದೇಶಗಳಲ್ಲಿ ಹಂದಿ ಮಾಂಸದ ದೊಡ್ಡ ಔತಣಗಳ ನಂತರ ಮಕ್ಕಳ ಕರುಳು ಕೊಳೆಯುವ ‘ಪಿಗ್‌ಬೆಲ್’ ಎಂಬ ರೋಗ ಬರುತ್ತಿತ್ತು. ಅದರ ಹಿಂದಿರುವುದು ಪರ್ಫ್ರಿಂಜೆನ್ಸಿನದೇ ಇನ್ನೊಂದು ಬಗೆ ಎಂದು 1960ರ ದಶಕದಲ್ಲಿ ಪತ್ತೆಯಾಯಿತು. ಸರಿಯಾಗಿ ಬೇಯದ ಮಾಂಸವನ್ನು ದಿನಗಟ್ಟಲೆ ಇಟ್ಟು ತಿನ್ನುತ್ತಿದ್ದುದೂ, ಗೆಣಸೇ ಮುಖ್ಯ ಆಹಾರವಾಗಿದ್ದ ಆ ಮಕ್ಕಳಲ್ಲಿ ವಿಷವನ್ನು ಜೀರ್ಣಿಸುವ ಶಕ್ತಿ ಕಡಿಮೆ ಇದ್ದುದೂ ಅದಕ್ಕೆ ಕಾರಣಗಳಾಗಿದ್ದವು.

ಹಾಗಾದರೆ ಮಾಡಬೇಕಾದದ್ದೇನು? ಉಳಿದದ್ದನ್ನು ದೊಡ್ಡ ಪಾತ್ರೆಯಲ್ಲಿ ಬಿಡದೆ, ಎರಡು ಅಂಗುಲಕ್ಕಿಂತ ಆಳವಾಗದಂತೆ ಅಗಲವಾದ ತಟ್ಟೆ, ಡಬ್ಬಿಗಳಿಗೆ ಹಂಚಬೇಕು. ಮಂದವಾದ ಪದಾರ್ಥದ ದಪ್ಪ ಅರ್ಧವಾದರೆ ಒಳಗಿನ ಶಾಖ ಹೊರಬರಲು ಬೇಕಾದ ಸಮಯ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಡಬ್ಬಿಗಳನ್ನು ತಣ್ಣೀರಿನ ಪರಾತದಲ್ಲಿಟ್ಟು ಶುಚಿಯಾದ ಸೌಟಿನಿಂದ ಕಲಕುತ್ತಿರಬೇಕು. ಮಹಡಿಯ ಮೇಲಿನ ಟ್ಯಾಂಕಿನ ನೀರು ಮೇ ತಿಂಗಳಲ್ಲಿ ಕೈ ಸುಡುತ್ತದೆ. ಅದು ಪ್ರಯೋಜನಕ್ಕೆ ಬಾರದು. ಮಣ್ಣಿನ ಮಡಕೆಯ ನೀರು ಒಳ್ಳೆಯದು. ಬಳ್ಳಾರಿಯ ಒಣಗಾಳಿಯಲ್ಲಿ ಮಡಕೆಯ ಮೈಯಿಂದ ನೀರು ಬೇಗ ಆವಿಯಾಗುವುದರಿಂದ ಅದು ಚೆನ್ನಾಗಿ ತಂಪಾಗಿರುತ್ತದೆ. ಐಸ್ ತುಂಡುಗಳಿದ್ದರೆ ಇನ್ನೂ ಒಳಿತು.

ಬಳಿಕ ಮುಚ್ಚಳ ಹಾಕಿ ಫ್ರಿಜ್ಜಿನೊಳಗೆ ಇಡಬೇಕು. ಮೂರು-ನಾಲ್ಕು ದಿನದೊಳಗೆ ಮುಗಿಸುವಂತಿಲ್ಲವಾದರೆ ಮೊದಲ ದಿನವೇ ಫ್ರೀಜರಿಗೆ ಹಾಕಬೇಕು. ನೀರು ಹಿಮವಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ಡಬ್ಬಿಯನ್ನು ಕಂಠಮಟ್ಟ ತುಂಬಬಾರದು. ಹಂದಿಯ ಕೊಬ್ಬು ಹಿಮದಲ್ಲಿಯೂ ನಿಧಾನವಾಗಿ ಕಮಟುವುದರಿಂದ ಎರಡು-ಮೂರು ತಿಂಗಳಲ್ಲಿ ಬಳಸುವುದು ಲೇಸು. ಕರಗಿಸುವುದು ಕಟ್ಟೆಯ ಮೇಲಲ್ಲ, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ. ಒಂದು ಊಟಕ್ಕೆ ಬೇಕಾದಷ್ಟನ್ನೇ ತೆಗೆದು, ನಡುವಿನ ತುಂಡೂ ಹಬೆಯಾಡುವಂತೆ ಕುದಿಸಬೇಕು.

ಕರೆಂಟು ಹೋದಾಗ? ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ನಮ್ಮ ಸೆಕೆಗೆ ಅದರಲ್ಲಿಯೂ ಒಂದಿಷ್ಟು ಕಳೆಯಬೇಕು. ಮಕ್ಕಳು ಮಾಡಬಹುದಾದ ಒಂದು ಸುಲಭ ಪ್ರಯೋಗವಿದೆ. ಬಟ್ಟಲಿನಲ್ಲಿ ನೀರು ಹಿಮಗಟ್ಟಿಸಿ, ಮೇಲೊಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳದಲ್ಲಿದ್ದರೆ ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆ ಮಾಂಸವನ್ನು ತಿನ್ನಬಾರದು.

ಚೆಲ್ಲಬಾರದೆಂಬ ಹಿರಿಯರ ಮಾತು ತಪ್ಪಲ್ಲ. ಆದರೆ ಉಳಿದ ಸಾರನ್ನು ಕಾಪಾಡುವ ಗಳಿಗೆ ಮರುದಿನದ ಬೆಳಗಲ್ಲ, ಪಂಕ್ತಿ ಎದ್ದ ಮೊದಲ ಗಂಟೆ. ಒಲೆಯಿಂದ ಪಾತ್ರೆ ಇಳಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವ ಕೆಲಸವನ್ನು ಮನೆಯ ಶಾಲಾಮಕ್ಕಳಿಗೆ ಒಪ್ಪಿಸಿದರೆ ಸಾರೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.