ಕಣಕುಂಬಿಗೆ ಬಸ್ ಹತ್ತುವ ಮುನ್ನ

ಖಾನಾಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ಹೋಗಿದ್ದಾಗ ಎಂಟನೆಯ ತರಗತಿಗೆ ನದಿಗಳ ಪಾಠ ಮಾಡುತ್ತಿದ್ದೆ. ಮಲಪ್ರಭಾ ಕಣಕುಂಬಿಯಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ ಎಂದು ಚಾರ್ಟಿನಲ್ಲಿ ತೋರಿಸಿದೆ. ‘ಈ ಭಾಗದ ನೀರೆಲ್ಲ ಪೂರ್ವಕ್ಕೆ’ ಎಂದೂ ಸೇರಿಸಿಬಿಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ನಮ್ಮೂರ ಹಳ್ಳ ಈ ಕಡೆ ಬರಂಗಿಲ್ರೀ ಸರ್, ಗೋವಾ ಕಡೆ ಹೋಗತೈತಿ” ಎಂದ. ಅವನ ಊರು ಭೀಮಗಡದ ಕಾಡಿನೊಳಗೆ. ಅವನು ಹೇಳಿದ್ದೇ ಸರಿ. ಆ ಕಾಡಿನ ಹಳ್ಳಗಳು ಮಹದಾಯಿಯನ್ನು ಸೇರಿ, ಗೋವಾದಲ್ಲಿ ಮಾಂಡವಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತವೆ.

ಮುಂದೆ ಬೆಳಗಾವಿ ನಗರದ ಶಾಲೆಯೊಂದರ ಮಕ್ಕಳೊಂದಿಗೆ ಅದೇ ಬೆಟ್ಟಗಳಿಗೆ ಪ್ರವಾಸ ಹೋದೆ. ಮಕ್ಕಳು ಇಳಿದರು, ಫೋಟೊ ತೆಗೆಸಿಕೊಂಡರು, ಕುರುಕಲು ತಿಂದರು, ಬಸ್ ಹತ್ತಿದರು. ಮರುದಿನ ಬರೆಸಿದ ಪ್ರಬಂಧಗಳಲ್ಲಿ ‘ನಿಸರ್ಗ ಬಹಳ ಸುಂದರವಾಗಿತ್ತು’ ಎಂಬುದರ ಆಚೆ ಹೆಚ್ಚೇನೂ ಇರಲಿಲ್ಲ. ತಪ್ಪು ಮಕ್ಕಳದ್ದಲ್ಲ. ಏನು ನೋಡಬೇಕೆಂದು ನಾವು ಹೇಳಿರಲೇ ಇಲ್ಲ.

ತರಗತಿಯ ಪಾಠಕ್ಕೆ ಪೂರ್ವಜ್ಞಾನ, ಉದ್ದೇಶ, ಮೌಲ್ಯಮಾಪನ ಎಂದು ಪುಟಗಟ್ಟಲೆ ಬರೆಯುವ ನಾವು ಪ್ರವಾಸಕ್ಕೆ ಮಾತ್ರ ಊಟದ ಡಬ್ಬಿಯ ಯೋಜನೆ ಮಾಡುತ್ತೇವೆ. ಪ್ರವಾಸಕ್ಕೂ ಪಾಠಯೋಜನೆ ಬೇಕು ಎಂಬುದೇ ನನ್ನ ವಾದ.

ಹೋಗುವ ಹಿಂದಿನ ದಿನ ನಕಾಶೆಯಲ್ಲಿ ಎರಡೂ ನದಿಗಳನ್ನು ಗುರುತಿಸಬೇಕು. ಅಕ್ಕಪಕ್ಕ ಸುರಿದ ಮಳೆ ಎರಡು ಸಮುದ್ರಗಳ ಪಾಲಾಗುವ ಜಾಗಕ್ಕೆ ಹೋಗುತ್ತಿದ್ದೇವೆ ಎಂದು ತಿಳಿದ ಮಗು ಇಳಿಜಾರನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಅಲ್ಲಿ ಒಂದು ಬಾಟಲಿ ನೀರನ್ನು ರಸ್ತೆಯ ಗಟ್ಟಿ ಅಂಚಿನಲ್ಲಿ, ಇನ್ನೊಂದನ್ನು ಮರದಡಿಯ ತರಗೆಲೆಯ ಮೇಲೆ ಸುರಿಸಿ, ಎಲ್ಲಿ ಹರಿಯಿತು, ಎಲ್ಲಿ ಇಂಗಿತು ಎಂದು ಕೇಳಬೇಕು. ಮಳೆ ನಿಂತ ಮೇಲೂ ಹೊಳೆಯಲ್ಲಿ ನೀರು ಏಕಿರುತ್ತದೆ ಎಂಬುದು ಮಕ್ಕಳಿಗೆ ಅಲ್ಲೇ ಹೊಳೆಯುತ್ತದೆ.

ಸದ್ದು ಮಾಡಬಾರದು ಎಂಬುದನ್ನೂ ಕಾರಣ ಕೊಟ್ಟು ಕಲಿಸಬೇಕು. ಸುಮಾರು 190 ಚದರ ಕಿಲೋಮೀಟರಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿರುವ ರಾಟನ್ ಬಾವಲಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದೇ ಬಹುಕಾಲ ನಂಬಲಾಗಿತ್ತು. ಈಗಲೂ ಅದು ತಿಳಿದಿರುವುದು ಬೆರಳೆಣಿಕೆಯ ಜಾಗಗಳಲ್ಲಿ. ಹೀಗೆ ಹೇಳಿದರೆ ‘ಗಲಾಟೆ ಮಾಡಬೇಡಿ’ ಎಂಬ ಮಾತಿಗೆ ಅರ್ಥ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿನ ಶಾಲೆಯ ಮಕ್ಕಳೊಂದಿಗೆ ಅರ್ಧ ತಾಸು ಕೂರಿಸಬೇಕು. ನಗರದ ಮಗುವಿಗೆ ಚೆಂದ ಕಾಣುವ ಹಳ್ಳವೇ ತುಂಬಿ ಬಂದಾಗ ಕಾಡಿನ ಊರಿನ ದಾರಿ ಕಡಿಯುತ್ತದೆ. ರೋಗಿಯನ್ನು ಹೊತ್ತು ನಡೆಯಬೇಕಾಗುತ್ತದೆ. ಇದನ್ನು ನಾವು ಹೇಳುವುದಕ್ಕಿಂತ ಅಲ್ಲಿನ ಮಗುವೇ ಹೇಳಬೇಕು, ಮರಾಠಿ ಬೆರೆತ ಕನ್ನಡದಲ್ಲಾದರೂ ಸರಿ.

ಸಮಯವೆಲ್ಲಿದೆ, ಅಪಾಯವಾದರೆ ಯಾರು ಹೊಣೆ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳುವುದು ಸಹಜ. ಮಳೆಗಾಲದಲ್ಲಿ ವಜ್ರಪೋಹದಂಥ ಜಲಪಾತಗಳ ಹತ್ತಿರ ಮಕ್ಕಳನ್ನು ಒಯ್ಯಲೇಬಾರದು. ಮಳೆ ನಿಂತ ಮೇಲೆ ಹೋಗಬೇಕು. ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಸಮಯದ ಮಾತಿಗೆ ಬಂದರೆ, ನಮ್ಮ ಅಭ್ಯಾಸ ಪಾಠಗಳಲ್ಲಿ ಒಂದನ್ನು ಹೊರಾಂಗಣ ಪಾಠವೆಂದು ಲೆಕ್ಕಕ್ಕೆ ಹಿಡಿದರೆ ಸಾಕು. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಅದನ್ನು ನಾವು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇವೆ.

ಆ ದಿನ ನಾನು ಹುಡುಗನಿಗೆ “ಶಾಭಾಷ್, ಕೂಡು” ಎಂದು ಚಾರ್ಟಿನ ಕಡೆ ತಿರುಗಿದ್ದೆ. ಅವನನ್ನೇ ಕರೆದು, ಸೀಮೆಸುಣ್ಣ ಕೊಟ್ಟು, ಅವನೂರ ಹಳ್ಳವನ್ನು ಹಲಗೆಯ ಮೇಲೆ ಬರೆಸಬೇಕಿತ್ತು.