ಮೊದಲು ಹಿಂದಿನ ಬೆಂಚಿನಲ್ಲಿ ಕೂರಲಿ

1961ರ ಆಗಸ್ಟ್ 30ರಂದು ಘಾನಾದ ರಾಜಧಾನಿ ಆಕ್ರಾದಲ್ಲಿ ವಿಮಾನದಿಂದಿಳಿದ ಐವತ್ತರಷ್ಟು ಅಮೆರಿಕನ್ ಯುವಕ ಯುವತಿಯರು ಅಲ್ಲಿನ ಟ್ವಿ ಭಾಷೆಯಲ್ಲಿ ಹಾಡು ಹೇಳಿದರು. ಅದೇ ಮಾರ್ಚ್‌ನಲ್ಲಿ ಅಧ್ಯಕ್ಷ ಕೆನಡಿ ಹುಟ್ಟುಹಾಕಿದ್ದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್‌ನ ಮೊದಲ ತಂಡವದು. ಶಾಲೆಗಳಲ್ಲಿ ಪಾಠ ಮಾಡಲು ಬಂದವರು. ಹಾಡು ಎಲ್ಲರಿಗೂ ಹಿಡಿಸಿತು. ಆದರೆ ಎರಡು ತಿಂಗಳೊಳಗೆ ನೈಜೀರಿಯಾದ ಇಬಾದಾನ್‌ನಲ್ಲಿ ಬೇರೆಯೇ ಸಂಗತಿ ನಡೆಯಿತು. ತರಬೇತಿಗೆಂದು ಅಲ್ಲಿಗೆ ಬಂದಿದ್ದ ಪೀಸ್ ಕೋರ್ ಸ್ವಯಂಸೇವಕಿಯೊಬ್ಬರು ಗೆಳೆಯನಿಗೆ ಬರೆದ ಅಂಚೆ ಕಾರ್ಡ್ ಕಾಲೇಜು ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಬೀದಿಯಲ್ಲೇ ಅಡುಗೆ, ಬೀದಿಯಲ್ಲೇ ಬದುಕು ಎಂಬ ವರ್ಣನೆ ಓದಿ ಕ್ಯಾಂಪಸ್ಸು ಕೆರಳಿತು, ಆಕೆ ಸ್ವದೇಶಕ್ಕೆ ಮರಳಬೇಕಾಯಿತು. ಕಾರ್ಡಿನಲ್ಲಿದ್ದದ್ದು ದ್ವೇಷವಲ್ಲ, ಹೊಸಬಳ ದಿಗಿಲು. ಆದರೆ ದಿಗಿಲು ಇಳಿಯುವ ಮೊದಲೇ ತೀರ್ಪು ಹೊರಬಿದ್ದಿತ್ತು.

ಹೊರದೇಶದಲ್ಲಿ ಪಾಠ ಹೇಳಲು ಹೋದ ಎಳೆಯರು ಅಲ್ಲಿಗೆ ಹೊಂದಿಕೊಳ್ಳುವುದನ್ನು ನಾವು ಸಾಮಾನ್ಯವಾಗಿ ಅವರ ಖಾಸಗಿ ಕಷ್ಟವೆಂದು ಭಾವಿಸುತ್ತೇವೆ: ಊಟ ಒಗ್ಗಲಿಲ್ಲ, ಮನೆ ನೆನಪಾಯಿತು, ಸೊಳ್ಳೆ ಕಾಟ. ಅಷ್ಟೇ ಆಗಿದ್ದರೆ ತಕರಾರಿರಲಿಲ್ಲ. ಹೊಸ ಶಿಕ್ಷಕರು ಹೊಂದಿಕೊಳ್ಳುವ ತನಕ ನಷ್ಟವಾಗುವುದು ಮಕ್ಕಳ ಪಾಠ. ಆ ಕಾಲವನ್ನು ತರಗತಿಯ ಹೊರಗೇ ಕಳೆಯಬೇಕು ಎಂಬುದು ನನ್ನ ವಾದ. ಅನುಭವದಿಂದ ದೊಡ್ಡ ಸಂಸ್ಥೆಗಳೂ ಇದೇ ದಾರಿಗೆ ಬಂದಿವೆ. ಘಾನಾದ ಮೊದಲ ತಂಡಕ್ಕೆ ತರಬೇತಿ ನಡೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಮುಂದೆ ಪೀಸ್ ಕೋರ್ ತರಬೇತಿಯನ್ನು ಆಯಾ ದೇಶಕ್ಕೇ ಒಯ್ದಿತು: ಸುಮಾರು ಮೂರು ತಿಂಗಳು ಸ್ಥಳೀಯ ಕುಟುಂಬದೊಂದಿಗೆ ವಾಸ, ಭಾಷೆ, ಅಭ್ಯಾಸ ಪಾಠ, ಆಮೇಲೆ ಎರಡು ವರ್ಷದ ಕೆಲಸ. ಬ್ರಿಟನ್ನಿನ ಸ್ವಯಂಸೇವಾ ಸಂಸ್ಥೆ ವಿಎಸ್‌ಒ 1958ರಲ್ಲಿ ಶುರುವಾದಾಗ ಆಗಷ್ಟೇ ಶಾಲೆ ಮುಗಿಸಿದವರನ್ನು ಕಳಿಸುತ್ತಿತ್ತು. ಬರಬರುತ್ತ ಕಸುಬು ಬಲ್ಲವರತ್ತ ವಾಲಿತು. ಶುಲ್ಕ ಪಡೆದು ಎರಡು ವಾರಕ್ಕೊಮ್ಮೆ ಹೊಸ ಮೇಷ್ಟ್ರನ್ನು ಇಳಿಸುವ ಪ್ರವಾಸದ ಮಾರುಕಟ್ಟೆ ಮಾತ್ರ ಇದಕ್ಕೆ ತೀರಾ ವಿರುದ್ಧ ದಿಕ್ಕಿನಲ್ಲಿ ಓಡುತ್ತಿದೆ.

ಘಾನಾದ ಹಳ್ಳಿಯ ಶಾಲೆಯನ್ನೇ ನೋಡಿ. ಇಂಗ್ಲಿಷ್ ಅಲ್ಲಿನ ಆಡಳಿತ ಭಾಷೆ, ನಿಜ. ಆದರೆ ಮಗು ಶಾಲೆಗೆ ಬರುವುದು ಟ್ವಿ, ಎವೆ ಅಥವಾ ದಗ್ಬಾನಿ ಮಾತಾಡುತ್ತ. ಹೊಸ ಶಿಕ್ಷಕರ ಅಮೆರಿಕನ್ ಉಚ್ಚಾರ ಅದಕ್ಕೆ ಮೂರನೆಯ ಭಾಷೆಯಷ್ಟೇ ದೂರ. ಅರ್ಥವಾಯಿತೇ ಎಂದು ಕೇಳಿದರೆ ಇಡೀ ತರಗತಿ ಹೌದೆನ್ನಬಹುದು. ದೊಡ್ಡವರ ಮುಂದೆ ಇಲ್ಲ ಎನ್ನಲು ಮಕ್ಕಳು ಹಿಂಜರಿಯುತ್ತಾರೆಂಬುದು ನಮಗೇನೂ ಹೊಸದಲ್ಲ. ಎಡಗೈಯಲ್ಲಿ ಪುಸ್ತಕ ಕೊಟ್ಟರೆ ಅಲ್ಲಿ ಅಗೌರವ. ಹಿರಿಯರಿಗೆ ನಮಸ್ಕಾರ ಹೇಳಿ, ಕುಶಲ ವಿಚಾರಿಸದೆ ವಿಷಯಕ್ಕೆ ಇಳಿದರೆ ಒರಟುತನ. ಜೂನಿಯರ್ ಹೈಸ್ಕೂಲಿನ ಕೊನೆಗೆ ಬರುವ ಬಿಇಸಿಇ ಪರೀಕ್ಷೆಗೆ ಯಾವ ಪಾಠ ಎಷ್ಟು ಮುಖ್ಯ ಎಂಬುದು ಪಕ್ಕದ ಕೋಣೆಯ ಸ್ಥಳೀಯ ಶಿಕ್ಷಕರಿಗೆ ಬಾಯಿಪಾಠ, ಹೊಸಬರಿಗೆ ಕತ್ತಲೆ. ಇದನ್ನೆಲ್ಲ ಕಲಿಯಲು ತಿಂಗಳುಗಳು ಬೇಕು. ಕರಾವಳಿಯ ಶಿಕ್ಷಕಿಗೆ ರಾಯಚೂರಿನ ಹಳ್ಳಿಗೆ ನೇಮಕವಾದರೆ, ಕನ್ನಡವೇ ಮಾತಾಡುವ ಮಕ್ಕಳನ್ನು ಅರಿಯಲೂ ಒಂದಷ್ಟು ಕಾಲ ಹಿಡಿಯುತ್ತದೆ.

ಶಿಕ್ಷಕರೇ ಇಲ್ಲದ ಕಡೆ ಎರಡು ವಾರದ ಪಾಠವೂ ಲಾಭವಲ್ಲವೇ ಎಂದು ಕೇಳುವವರಿದ್ದಾರೆ. ಬಂದವರ ನಂತರ ಬಂದವರು ಮತ್ತೆ ಅದೇ ಬಣ್ಣಗಳ ಹೆಸರು, ಅದೇ ಕುಣಿತದ ಹಾಡಿನಿಂದ ಶುರುಮಾಡಿದರೆ ಮಕ್ಕಳಿಗೆ ಸಿಗುವುದು ಮೋಜು. ಮೋಜು ತಪ್ಪಲ್ಲ, ಅದನ್ನು ಪಾಠದ ವೇಳೆಯಲ್ಲಿ ಲೆಕ್ಕ ಹಾಕುವುದು ತಪ್ಪು. ಎರಡು ವರ್ಷ ಬಿಡುವು ಮಾಡಿಕೊಳ್ಳಲು ಎಲ್ಲರಿಗೂ ಆಗದು ಎಂಬ ಮಾತು ನ್ಯಾಯವಾದದ್ದೇ. ಅಂಥವರು ತರಗತಿಯನ್ನು ವಹಿಸಿಕೊಳ್ಳದೆ ಗ್ರಂಥಾಲಯ ಜೋಡಿಸಲಿ, ಸ್ಥಳೀಯ ಶಿಕ್ಷಕರ ಕೈಕೆಳಗೆ ಒಬ್ಬಿಬ್ಬರು ಮಕ್ಕಳ ಓದು ಕೇಳಲಿ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. 1968ರಲ್ಲಿ ಮೆಕ್ಸಿಕೋದಲ್ಲಿ ಚಿಂತಕ ಇವಾನ್ ಇಲಿಚ್ ಅಮೆರಿಕದ ಸ್ವಯಂಸೇವಕ ವಿದ್ಯಾರ್ಥಿಗಳೆದುರೇ ನಿಂತು, ಸೇವೆಯ ಹೆಸರಿನಲ್ಲಿ ಬರಬೇಡಿ, ನೋಡಲು, ಕಲಿಯಲು ಬನ್ನಿ ಎಂಬ ಅರ್ಥದ ಮಾತಾಡಿದರು. ತರಬೇತಿ ಮುಗಿಸಿ ನೇಮಕಾತಿಗೆ ಕಾದು ಕುಳಿತ ಶಿಕ್ಷಕರು ಘಾನಾದಲ್ಲೇ ಇರುವಾಗ ಹೊರಗಿನವರು ಏಕೆ ಎಂಬ ಪ್ರಶ್ನೆಯೂ ಈ ಸಾಲಿನದೇ. ಇದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಸ್ಥಳೀಯರಿಗೆ ಸಿಗಬೇಕಾದ ಕುರ್ಚಿಯಲ್ಲಿ ಸ್ವಯಂಸೇವಕರು ಕೂರಬಾರದು. ವಿಜ್ಞಾನ, ಗಣಿತ, ಕಿವುಡ ಮಕ್ಕಳ ಶಿಕ್ಷಣದಂಥ ಕಡೆ ಕೊರತೆ ನಿಜಕ್ಕೂ ಇದ್ದರೆ ಮಾತ್ರ, ಶಾಲೆ ತಾನಾಗಿ ಕೇಳಿದರೆ ಮಾತ್ರ, ಅವರಿಗೆ ಜಾಗವಿದೆ. ಹಾಗೆ ಕೇಳಿ ಕರೆಸಿಕೊಂಡವರೂ ಮೊದಲ ತಿಂಗಳುಗಳಲ್ಲಿ ಕಲಿಯುವವರೇ. ಇಲಿಚ್ ಮಾತಿನ ಆ ಅರ್ಧವನ್ನಾದರೂ ಒಪ್ಪಬೇಕು.

ನಮ್ಮ ಕಾಲೇಜು ಹುಡುಗ ಹುಡುಗಿಯರೂ ಈಗ ರಜೆಯಲ್ಲಿ ಆರು ವಾರಕ್ಕೆಂದು ಹೊರದೇಶದ ಶಾಲೆಗಳಿಗೆ ಹೋಗುತ್ತಿದ್ದಾರೆ. ಕಳಿಸುವ ಸಂಸ್ಥೆಗೆ ದುಡ್ಡು ಕಟ್ಟುವ ಮೊದಲು ಅವರೂ ಹೆತ್ತವರೂ ವಿಚಾರಿಸಬೇಕಾದ್ದು ವಸತಿ, ವಿಮೆ ಮಾತ್ರವಲ್ಲ. ಯಾವ ಶಿಕ್ಷಕರ ತರಗತಿಯಲ್ಲಿ ಕೂರಬೇಕು, ಎಷ್ಟು ವಾರದ ಮೇಲೆ ಸೀಮೆಸುಣ್ಣ ಕೈಗೆ ಬರುತ್ತದೆ, ಊರ ಮಾತು ಕಲಿಸುವವರು ಯಾರು, ನಾವು ಹೊರಟ ಮರುದಿನ ಆ ಪಾಠ ಯಾರದು, ಬೇಡವೆನಿಸಿದರೆ ಒಲ್ಲೆ ಎನ್ನುವ ಅಧಿಕಾರ ಅಲ್ಲಿನ ಮುಖ್ಯೋಪಾಧ್ಯಾಯರಿಗಿದೆಯೇ ಎಂಬುದಕ್ಕೆಲ್ಲ ಉತ್ತರ ಲಿಖಿತದಲ್ಲಿ ಬರಬೇಕು.