ಬಾಗಿನಕ್ಕೆ ಮೊದಲು ಕೋಡಿ ನೋಡೋಣ

ಹುಳಿಯಾರು ಹೋಬಳಿಯ ಬೋರನಕಣಿವೆ ಜಲಾಶಯಕ್ಕೆ ಹೋದವರೆಲ್ಲ ನೀರು ನೋಡುತ್ತಾರೆ, ಏರಿ ನೋಡುವವರು ಕಡಿಮೆ. ಸುವರ್ಣಮುಖಿ ನದಿ ಗುಡ್ಡಗಳ ನಡುವೆ ನುಸುಳುವ ಜಾಗ ಹುಡುಕಿ, ಮೈಸೂರು ಅರಸರ ಕಾಲದಲ್ಲಿ, 19ನೇ ಶತಮಾನದ ಕೊನೆಗೆ ಹಾಕಿದ ಮಣ್ಣಿನ ಏರಿ ಅದು. ಹಳೇ ಮೈಸೂರನ್ನು ಹಿಂಡಿದ 1876-78ರ ಬರ ಇನ್ನೂ ಜನರ ನೆನಪಿನಲ್ಲಿ ಹಸಿಯಾಗಿದ್ದ ಕಾಲ. ಮಾರಿಕಣಿವೆ ಅಣೆಕಟ್ಟಿಗಿಂತಲೂ ಇದು ಹಳೆಯದು.

ಮಣ್ಣಿನ ಏರಿ ಎಷ್ಟು ನೀರನ್ನಾದರೂ ತಡೆದೀತು, ತನ್ನ ತಲೆಯ ಮೇಲೆ ಹರಿಯುವ ನೀರನ್ನು ಮಾತ್ರ ತಡೆಯಲಾರದು. ಅದಕ್ಕೇ ಕೋಡಿ. ಒಂದಿಷ್ಟು ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಗೆ ಮರಳಿನ ಚೀಲ ಪೇರಿಸುವುದು ಊರನ್ನೇ ಅಪಾಯಕ್ಕೆ ಒಡ್ಡುವ ಕೆಲಸ. ಏರಿಯ ಮೇಲೆ ಬೆಳೆಯುವ ಸೀಮೆಜಾಲಿಯೂ ಅಷ್ಟೇ: ಬೇರು ಕೊಳೆತರೆ ಒಳಗೆ ಟೊಳ್ಳು ಉಳಿಯುತ್ತದೆ, ನೀರು ಅದೇ ದಾರಿ ಹಿಡಿಯುತ್ತದೆ.

ತೆಂಗಿನ ತೋಟಕ್ಕೆ ಬೋರ್‌ವೆಲ್ ಇದೆಯಲ್ಲ, ಕೆರೆ ಯಾಕೆ ಎನ್ನುವವರಿದ್ದಾರೆ. ತೂಬು ಎತ್ತದಿದ್ದರೂ ಕೆರೆ ದುಡಿಯುತ್ತಲೇ ಇರುತ್ತದೆ, ಆ ಬೋರ್‌ವೆಲ್ಲಿಗೆ ನೆಲದೊಳಗಿಂದ ನೀರು ಕೊಡುವುದೂ ಅದೇ. ಆ ನೀರು ತಪ್ಪಿದರೆ ತೆಂಗು ತಕ್ಷಣ ಹೇಳುವುದಿಲ್ಲ: ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಆ ಹೊಂಬಾಳೆ ಸುಳಿಯೊಳಗೆ ಮೊಳೆತದ್ದು ಅದಕ್ಕೂ ಎಷ್ಟೋ ತಿಂಗಳು ಹಿಂದೆ. ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ಮತ್ತಷ್ಟು ತಿಂಗಳು ಕೂರಬೇಕು. ಹಾಗಾಗಿ ಈ ಬೇಸಿಗೆ ಕೆರೆ ಬತ್ತಿದ್ದರ ನಷ್ಟ ತಿಪಟೂರಿನ ಮಾರುಕಟ್ಟೆಯಲ್ಲಿ ಕಾಣಿಸುವುದು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ನಾವು ಬೆಲೆಯನ್ನೋ ರೋಗವನ್ನೋ ದೂರುತ್ತಿರುತ್ತೇವೆ, ಕೆರೆ ನೆನಪಾಗುವುದಿಲ್ಲ.

ತಿಪಟೂರು, ತುರುವೇಕೆರೆ ಕಡೆಯವರಿಗೆ ಹೇಮಾವತಿ ನಾಲೆಯ ಆಸರೆ ಉಂಟು. ಆ ನೀರಿನ ಪಾಲಿಗಾಗಿ ಹೋರಾಡಲೇಬೇಕು, ನಾನೂ ಆ ಪರವೇ. ಆದರೆ ನಾಲೆಯ ನೀರೂ ಬಂದು ನಿಲ್ಲಬೇಕಾದದ್ದು ನಮ್ಮ ಕೆರೆಗಳಲ್ಲೇ. ಹಳ್ಳದ ನೀರು ಕೆರೆಗೆ ಬರುವ ಕಾಲುವೆ ಒತ್ತುವರಿಯಾಗಿ, ಅಂಗಳದಲ್ಲಿ ಹೂಳು ತುಂಬಿ, ತೂಬು ಸೋರುತ್ತಿದ್ದರೆ ಬಂದ ಪಾಲು ಎಲ್ಲಿ ನಿಂತೀತು?

ಕೆರೆಗೋಡು ತೆಂಗಿಗೆ ಒಳ್ಳೆಯ ಗೊಬ್ಬರ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಬೇಸಿಗೆಯಲ್ಲಿ ಗಾಡಿ ಕಟ್ಟಿ ಹೊಡೆಯುತ್ತಿದ್ದರು, ಕೆರೆಯ ಹೂಳೂ ಇಳಿಯುತ್ತಿತ್ತು. ಈಗ ಜೆಸಿಬಿ ಇದೆ. ಅದಕ್ಕೇ ಹೆಚ್ಚಿನ ಎಚ್ಚರ ಬೇಕು: ಏರಿಯ ಬುಡ ಬಗೆಯಬಾರದು, ಗೋಡಿನ ಅಡಿಯ ಜೇಡಿಪದರ ಕೀಳಬಾರದು. ಕಿತ್ತರೆ ಏರಿಯ ಕೆಳಗಿನಿಂದಲೇ ನೀರು ಜಿನುಗಲು ದಾರಿಯಾಗುತ್ತದೆ.

ಕೆರೆ ತುಂಬಿದ ದಿನ ಬಾಗಿನಕ್ಕೆ ಬರುವ ಜನಪ್ರತಿನಿಧಿಗಳು ಏಪ್ರಿಲ್‌ನಲ್ಲೂ ಒಮ್ಮೆ ಏರಿ ಹತ್ತಬೇಕು. ಪ್ರತಿ ಗ್ರಾಮಸಭೆ ತನ್ನ ಕೆರೆಗೆ ಒಬ್ಬ ನೀರುಗಂಟಿಯನ್ನು ಸಂಬಳ ಕೊಟ್ಟು ನೇಮಿಸಲಿ. ಮುಂಗಾರಿಗೆ ಮುನ್ನ ಏರಿಯ ಜಾಲಿ ಕಡಿಸಿ, ಕೋಡಿ ಬಿಡಿಸಿ, ತೂಬು ಸರಿಪಡಿಸಿದ ಖರ್ಚನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಲಿ.